ಎರೆಮಣ್ಣಿನ ಸೀಮೆಯಲ್ಲಿ ಕಾರು ಒರೆಸುವ ಅರಿವೆ: ಗಡಿಯ ಐದು ತಾಲೂಕುಗಳನ್ನು ಕುರಿತ ಟಿಪ್ಪಣಿ

1. ಪ್ರಶ್ನೆ

ಕಾರಿಗೆ ಪಾಲಿಶ್ ಮಾಡಲು ಎಂಥ ಅರಿವೆ ಬೇಕೆಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಮೆತ್ತಗಿದ್ರ ಸಾಕ್ರೀ." ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಗಡಸು ಅರಿವೆಯಿಂದ ಬಣ್ಣ ಕೆಡುತ್ತದೆ ಎಂಬುದು ನಿಜ. ಆದರೆ ಕೈಗೆ ಬೆಣ್ಣೆಯಂತೆ ಹತ್ತುವ ಹಳೆಯ ಧೋತರದಿಂದ ದಿನಾ ಒರೆಸಿಕೊಂಡ ಕಾರಿನ ಬಾನೆಟ್ಟೂ ಒಂದೆರಡು ವರ್ಷಗಳಲ್ಲಿ ಜೇಡರ ಬಲೆಯಂಥ ಗೀರುಗಳಿಂದ ತುಂಬಿಹೋಗುತ್ತದೆ. ಮೆದುತನವೊಂದೇ ಸಾಕಾಗಿದ್ದರೆ ಹೀಗಾಗಬಾರದಿತ್ತು.

ಈ ಐದು ತಾಲೂಕುಗಳ ನೆಲ, ನೀರು, ಧೂಳು ಮತ್ತು ಸುತ್ತಲಿನ ಜವಳಿ ಪೇಟೆಗಳನ್ನು ಮುಂದಿಟ್ಟುಕೊಂಡು ಯಾವ ಕೆಲಸಕ್ಕೆ ಯಾವ ಅರಿವೆ ತಕ್ಕದ್ದು ಎಂದು ನಿರ್ಧರಿಸುವುದು ಈ ಟಿಪ್ಪಣಿಯ ಉದ್ದೇಶ. ನಿಪ್ಪಾಣಿ ಮತ್ತು ಕಾಗವಾಡ ಕ್ರಮವಾಗಿ ಚಿಕ್ಕೋಡಿ ಮತ್ತು ಅಥಣಿಯಿಂದ ಬೇರೆಯಾದ ತಾಲೂಕುಗಳು. ಆದ್ದರಿಂದ ಐದನ್ನೂ ಒಂದೇ ಸೀಮೆಯಾಗಿ ನೋಡಲು ಅಡ್ಡಿಯಿಲ್ಲ. ಯಂತ್ರದಿಂದ ಮಾಡುವ ಪಾಲಿಶ್ ಇಲ್ಲಿಯ ವಿಚಾರವಲ್ಲ. ಕೈಯಿಂದ ಒರೆಸುವ, ಹಚ್ಚುವ, ಉಜ್ಜುವ ಅರಿವೆಗಳಷ್ಟೇ ವಿಚಾರ.

2. ಅರಿವೆ ತಾಗುವ ಮೈ

ಅರಿವೆಯ ಮಾತಿಗೆ ಮೊದಲು ಅದು ತಾಗುವ ಬಣ್ಣದ ಮಾತು ಆಗಬೇಕು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ ಬಣ್ಣಕ್ಕೆ ಮೇಲೊಂದು ಪಾರದರ್ಶಕ ಪದರ ಇರುತ್ತಿರಲಿಲ್ಲ. ಪಾಲಿಶ್ ಹಚ್ಚಿ ಉಜ್ಜಿದರೆ ಬಣ್ಣವೇ ಸವೆದು ಅರಿವೆಗೆ ಬರುತ್ತಿತ್ತು. ನೀಲಿ ಗಾಡಿ ಒರೆಸಿದ ಅರಿವೆ ನೀಲಿಯಾದರೆ ಕೊಳೆ ಹೋಯಿತೆಂದು ಜನ ಸಮಾಧಾನಪಡುತ್ತಿದ್ದರು. ಹೋಗುತ್ತಿದ್ದುದು ಬಣ್ಣದ ಹೊರಮೈ. ಆ ಬಣ್ಣ ದಪ್ಪವಾಗಿರುತ್ತಿತ್ತು, ಮತ್ತೆ ಉಜ್ಜಿದರೆ ಮತ್ತೆ ಹೊಳೆಯುತ್ತಿತ್ತು. ಹಳೆಯ ಬನಿಯನ್ನು, ಹಳೆಯ ಧೋತರ ಆ ಕೆಲಸಕ್ಕೆ ಧಾರಾಳವಾಗಿ ಸಾಕಾಗುತ್ತಿದ್ದವು.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ 'ಕ್ಲಿಯರ್ ಕೋಟ್' ಎಂಬ ಪಾರದರ್ಶಕ ಪದರವಿರುತ್ತದೆ. ಕಾರ್ಖಾನೆಯಿಂದ ಬಂದಾಗ ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ದಿನಪತ್ರಿಕೆಯ ಒಂದು ಹಾಳೆಗಿಂತ ತೆಳ್ಳಗೆ. ಬಿಸಿಲಿನ ನೇರಳಾತೀತ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವ ವಸ್ತುಗಳು ಇರುವುದೂ ಈ ಪದರದಲ್ಲಿಯೇ. ಹೊಳಪಿನ ಆಸೆಗೆ ಇದನ್ನು ಉಜ್ಜಿ ತೆಗೆದರೆ ಮನೆಯಲ್ಲಿ ಮರಳಿ ತುಂಬಿಕೊಳ್ಳಲು ಬರುವುದಿಲ್ಲ. ಹಳೆಯ ಗಾಡಿಗೆ ನಡೆದ ಅರಿವೆ ಹೊಸ ಗಾಡಿಗೆ ನಡೆಯದಿರಲು ಇದು ಮೊದಲ ಕಾರಣ.

ಗೀರುಗಳನ್ನು ನೋಡುವಾಗ ಒಂದು ದೃಷ್ಟಿಭ್ರಮೆಯನ್ನು ಬಿಡಿಸಿಕೊಳ್ಳಬೇಕು. ಇಳಿಬಿಸಿಲಿನಲ್ಲಿ ಕಪ್ಪು ಅಥವಾ ಕಡುನೀಲಿ ಕಾರಿನ ಬಾನೆಟ್ಟಿನ ಎದುರು ನಿಂತರೆ ಸೂರ್ಯನ ಪ್ರತಿಬಿಂಬದ ಸುತ್ತ ಗೀರುಗಳು ವರ್ತುಲ ವರ್ತುಲವಾಗಿ ಕಾಣುತ್ತವೆ. ದುಂಡಗೆ ಒರೆಸಿದ್ದರಿಂದ ಹೀಗಾಯಿತೆಂದು ಹೇಳುವುದುಂಟು. ನಿಜದಲ್ಲಿ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡಲಾಗಿ ಬಿದ್ದವು ಮಾತ್ರ ಅದನ್ನು ನಮ್ಮ ಕಣ್ಣಿಗೆ ಎಸೆಯುವುದರಿಂದ ವರ್ತುಲದಂತೆ ತೋರುತ್ತವೆ. ನೋಡುವವನು ಎರಡು ಹೆಜ್ಜೆ ಸರಿದರೆ ವರ್ತುಲವೂ ಅವನ ಜೊತೆ ಸರಿಯುತ್ತದೆ. ಹಾಗಾಗಿ ಕೈ ಯಾವ ದಿಕ್ಕಿಗೆ ಆಡಿತು ಎಂಬುದಕ್ಕಿಂತ ಕೈಕೆಳಗೆ ಏನಿತ್ತು ಎಂಬುದು ಮುಖ್ಯ ಪ್ರಶ್ನೆ.

3. ಅರಿವೆಯ ಕೆಳಗಿನ ಕಣ

ಈ ಸೀಮೆ ದಖ್ಖನ್ನಿನ ಕರಿಗಲ್ಲಿನ ಮೇಲೆ ಕೂತಿದೆ. ಆ ಕಲ್ಲು ಶಿಥಿಲವಾಗಿ ಆದದ್ದೇ ಎರೆಮಣ್ಣು. ಎರೆಮಣ್ಣಿನ ಜೇಡಿಯ ಅಂಶ ಬಹಳ ಮೃದು. ಅದು ತಾನಾಗಿ ಬಣ್ಣವನ್ನು ಗೀರಲಾರದು. ಗೀರುವುದು ಅದರೊಳಗೆ ಸಿಕ್ಕಿಕೊಂಡ ಕಲ್ಲಿನ ಚೂರು. ಕರಿಗಲ್ಲಿನ ಮುಖ್ಯ ಖನಿಜಗಳಾದ ಫೆಲ್ಡ್‌ಸ್ಪಾರ್ ಮತ್ತು ಪೈರಾಕ್ಸೀನ್‌ಗಳ ಗಡಸುತನ ಮೋಸ್ ಮಾಪಕದಲ್ಲಿ ಸುಮಾರು 5ರಿಂದ 6.5. ಸಂಕೇಶ್ವರ–ಜೇವರ್ಗಿ ಹೆದ್ದಾರಿಯಂಥ ರಸ್ತೆಗಳ ಮೇಲೆ ಚಕ್ರದಡಿ ಪುಡಿಯಾಗಿ ಏಳುವ ಖಡಿಯ ಧೂಳೂ ಇದೇ ಕಲ್ಲಿನದು. ಕ್ಲಿಯರ್ ಕೋಟ್ ಎಂಬುದು ಪ್ಲಾಸ್ಟಿಕ್ ಜಾತಿಯ ಪದರ. ಈ ಖನಿಜಗಳ ಎದುರು ಅದು ನಿಲ್ಲುವುದಿಲ್ಲ.

ಜೇಡಿ ಗೀರದಿದ್ದರೂ ಅದರದ್ದೊಂದು ಉಪದ್ರವವಿದೆ. ಮಳೆಗಾಲದಲ್ಲಿ ಸಿಡಿದ ಎರೆಮಣ್ಣು ಒಣಗಿದಾಗ ಕಲ್ಲಿನ ಚೂರುಗಳನ್ನು ಕಚ್ಚಿಹಿಡಿದು ಹೆಕ್ಕಳವಾಗುತ್ತದೆ. ಒಣ ಅರಿವೆಯಿಂದ ಆ ಹೆಕ್ಕಳ ಎಬ್ಬಿಸಿದರೆ ಚೂರುಗಳೆಲ್ಲ ಅರಿವೆಯ ಕೆಳಗೆ ಸೇರುತ್ತವೆ. ಆದರೆ ಇದೇ ಜೇಡಿ ನೀರು ಕುಡಿದರೆ ಉಬ್ಬಿ ಸಡಿಲಾಗುವ ಗುಣದ್ದು. ನೀರು ಹೊಡೆದ ಕೂಡಲೆ ಒರೆಸದೆ ಕೆಲವು ನಿಮಿಷ ನೆನೆಯಬಿಟ್ಟು ಮತ್ತೆ ನೀರು ಹೊಡೆದರೆ ಬಹುಪಾಲು ತಾನಾಗಿ ಜಾರಿ ಇಳಿಯುತ್ತದೆ.

ಮಳೆಗಾಲ ಮುಗಿದು ಕಬ್ಬಿನ ಹಂಗಾಮು ಶುರುವಾದರೆ ಧೂಳಿನ ಜಾತಿಯೇ ಬದಲಾಗುತ್ತದೆ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಕಂಪನಿ 1939ರಷ್ಟು ಹಿಂದೆ ಸ್ಥಾಪನೆಯಾದದ್ದು. ಇಂದು ಕೃಷ್ಣಾ ಕಣಿವೆಯ ಈ ಐದೂ ತಾಲೂಕುಗಳು ಕಬ್ಬಿನ ಸೀಮೆ. ಗದ್ದೆಯಲ್ಲಿ ರವದಿ ಸುಟ್ಟಾಗಲೂ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಉರಿದಾಗಲೂ ಹಾರಿಬರುವ ಕರಿಯಲ್ಲಿ ಎರಡು ಅಂಶಗಳಿವೆ: ಅರೆಸುಟ್ಟ ಇದ್ದಿಲು ಮತ್ತು ಬೂದಿ. ಇದ್ದಿಲು ಮೃದು, ಆದರೆ ಒರೆಸಿದಲ್ಲೆಲ್ಲ ಕಪ್ಪು ಎಳೆಯುತ್ತದೆ. ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ, ಅದು ಗೀರುತ್ತದೆ. ಬಿಳಿ ಕಾರಿನವರು ಕಪ್ಪು ಗೆರೆ ಕಂಡು ಇನ್ನಷ್ಟು ಒತ್ತಿ ಒರೆಸುತ್ತಾರೆ, ಸಿಲಿಕಾ ಅಷ್ಟೇ ಒತ್ತಿ ಗೀರುತ್ತದೆ.

ನಿಪ್ಪಾಣಿಯದು ಸ್ವಲ್ಪ ಬೇರೆ. ಬೀಡಿ ತಂಬಾಕಿನ ಈ ಪೇಟೆಯಲ್ಲಿ ತಂಬಾಕಿನ ಪುಡಿಯೂ ಗಾಳಿಯಲ್ಲಿರುತ್ತದೆ. ತಂಬಾಕಿನ ಎಲೆಗೆ ಸ್ವಾಭಾವಿಕವಾಗಿ ಅಂಟುಂಟು. ನೆಲದ ಮೇಲೆ ಬಿಸಿಲಿಗೆ ಒಣಗಿಸಿದ ಎಲೆಯಾದರೆ ಮಣ್ಣೂ ಜೊತೆಗಿರುತ್ತದೆ. ಹೆದ್ದಾರಿಯ ಡೀಸೆಲ್ ಮಸಿಯೂ ಸೇರಿದರೆ ಬರಿಯ ನೀರಿಗೆ ಬಿಡದ ಜಿಡ್ಡು. ಇಲ್ಲಿ ಕಾರು ತೊಳೆಯುವ ಶಾಂಪೂ ಇಲ್ಲದೆ ಯಾವ ಅರಿವೆ ಹಿಡಿದರೂ ಉಪಯೋಗ ಕಡಿಮೆ.

ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಯ ಭಂಡಾರವನ್ನು, ಅಂದರೆ ಅರಿಷಿಣದ ಪುಡಿಯನ್ನು, ಬಿಡುವಂತಿಲ್ಲ. ಭಾರತ ಹುಣ್ಣಿಮೆಯ ಸುಮಾರಿಗೆ ಅಲ್ಲಿಂದ ಮರಳುವ ಗಾಡಿಗಳು ಅರಿಷಿಣದಲ್ಲಿ ಮಿಂದಿರುತ್ತವೆ. ಅರಿಷಿಣದ ಪುಡಿ ಗೀರುವುದಿಲ್ಲ, ಕಲೆ ಮಾಡುತ್ತದೆ. ಅದರ ಬಣ್ಣ ತಣ್ಣೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಸೋಡಾ ಇರುವ ಬಟ್ಟೆ ಒಗೆಯುವ ಪುಡಿ ಹಾಕಿದರೆ ಕ್ಷಾರಕ್ಕೆ ಕೆಂಪಾಗುತ್ತದೆ. ಒದ್ದೆ ಅರಿವೆಯಿಂದ ತಿಕ್ಕಿದರೆ ಹರಡುತ್ತದೆ. ಮೊದಲು ಗಾಳಿ ಅಥವಾ ನೀರಿನ ರಭಸದಿಂದ ಪುಡಿ ಹಾರಿಸುವುದು, ಆಮೇಲೆ ಶಾಂಪೂ, ಉಳಿದ ಹಳದಿಯನ್ನು ಬಿಸಿಲಿಗೆ ಬಿಡುವುದು ಸರಿಯಾದ ಕ್ರಮ. ಬಿಸಿಲಿಗೆ ಅರಿಷಿಣದ ಬಣ್ಣ ಮಾಸುತ್ತದೆ. ಭಂಡಾರ ಒರೆಸಿದ ಅರಿವೆಯನ್ನು ಮತ್ತೆ ಗಾಜಿಗೆ ಬಳಸಬಾರದು. ಗಾಜು ಒರೆಸುವ ದ್ರವಗಳಲ್ಲಿ ಸಾಮಾನ್ಯವಾಗಿರುವ ಸ್ಪಿರಿಟ್ಟಿನಲ್ಲಿ ಆ ಬಣ್ಣ ಚೆನ್ನಾಗಿ ಕರಗುತ್ತದೆ.

ಇಷ್ಟರಿಂದ ಒಂದು ಮಾನದಂಡ ಹೊರಡುತ್ತದೆ. ಹೆಚ್ಚಾಗಿ ಗೀರುವುದು ಅರಿವೆಯಲ್ಲ, ಅರಿವೆ ಬಣ್ಣಕ್ಕೆ ಒತ್ತಿಹಿಡಿದ ಕಣ. ಹಾಗಾದರೆ ಒಳ್ಳೆಯ ಅರಿವೆ ಎಂದರೆ ಕಣವನ್ನು ಬಣ್ಣದಿಂದ ಎತ್ತಿ ತನ್ನೊಳಗೆ ದೂರ ಇಟ್ಟುಕೊಳ್ಳಬಲ್ಲದ್ದು. ಮೆದುತನಕ್ಕಿಂತ ಆಳ ಮುಖ್ಯ. ಹೊಸತನಕ್ಕಿಂತ ಚೊಕ್ಕತನ ಮುಖ್ಯ.

4. ಪೇಟೆಯಲ್ಲಿ ಸಿಗುವ ಅರಿವೆಗಳು

ಕೋರಾ ಬಟ್ಟೆ ಮತ್ತು ಧೋತರ. ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗ ಕೂತದ್ದು 1904ರಲ್ಲಿ. ಇಂದು ಗಡಿಯಾಚೆಯ ಈ ಊರು ದೇಶದ ದೊಡ್ಡ ಮಗ್ಗದ ಪೇಟೆಗಳಲ್ಲೊಂದು. ಅಲ್ಲಿಯ ತುಂಡು ಬಟ್ಟೆ ನಿಪ್ಪಾಣಿ, ಚಿಕ್ಕೋಡಿಗಳಿಗೆ ಬಹಳ ಹತ್ತಿರ. ಮಗ್ಗದಿಂದ ಇಳಿದ ಕೋರಾ ಬಟ್ಟೆ ನೂರಕ್ಕೆ ನೂರು ಹತ್ತಿಯಾಗಿದ್ದರೂ ಒರೆಸಲು ಬಾರದು. ನೇಯುವಾಗ ಹಾಸಿನ ಎಳೆ ಕಡಿಯದಿರಲೆಂದು ಹಾಕಿದ ಗಂಜಿ ಅದರಲ್ಲಿ ಹಾಗೇ ಇರುತ್ತದೆ. ಹತ್ತಿಯ ಸಹಜ ಮೇಣವೂ ಹೋಗಿರುವುದಿಲ್ಲ. ಕೋರಾ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ: ಹನಿ ಗುಂಡಗೆ ಕೂರುತ್ತದೆ, ಬಟ್ಟೆ ಓರೆ ಮಾಡಿದರೆ ಉರುಳುತ್ತದೆ. ಹತ್ತಾರು ಸಲ ಒಗೆದ ಧೋತರದ ಮೇಲೆ ಅದೇ ಹನಿ ಬಿದ್ದ ಕ್ಷಣವೇ ಚಪ್ಪಟೆಯಾಗಿ ಅಗಲವಾಗುತ್ತದೆ, ಬೆರಳು ಮುಟ್ಟಿದರೆ ತೇವ ಮಾತ್ರ.

ಹಾಗೆಂದು ಧೋತರವೇ ಉತ್ತಮ ಎನ್ನುವಂತಿಲ್ಲ. ಅದು ಹಾಸು-ಹೊಕ್ಕುಗಳ ಸಾದಾ ನೇಯ್ಗೆ, ಅದರಲ್ಲಿ ಆಳವಿಲ್ಲ. ಕಣವೊಂದು ಸಿಕ್ಕರೆ ಅಡಗಲು ಜಾಗವಿಲ್ಲದೆ ಬಣ್ಣದ ಮೇಲೆಯೇ ಎಳೆಯಲ್ಪಡುತ್ತದೆ. ಆದ್ದರಿಂದ ಧೂಳು ಒರೆಸಲು ಧೋತರ ಅಯೋಗ್ಯ. ಆದರೆ ತೊಳೆದು ಒಣಗಿಸಿದ, ಕಣವಿಲ್ಲದ ಮೈಗೆ ಮೇಣ ತೆಳ್ಳಗೆ ಹಚ್ಚಲು ಅದು ಚೆನ್ನಾಗಿ ಒದಗುತ್ತದೆ. ಅಂಚನ್ನು ಮಾತ್ರ ಕತ್ತರಿಸಿ ತೆಗೆಯಬೇಕು. ಧೋತರದ ಗಡಸು ಭಾಗ ಅದೇ.

ಬನಿಯನ್ ಬಟ್ಟೆ. ಇದು ನೇದದ್ದಲ್ಲ, ಹೆಣೆದದ್ದು. ಹಿಗ್ಗುತ್ತದೆ, ಬಾಗುತ್ತದೆ, ಬಾಗಿಲ ಹಿಡಿಕೆಯ ಹಿಂದಿನ ಸಂದಿಗೂ ಹೋಗುತ್ತದೆ. ಮನೆಯ ಹಳೆಯ ಬಿಳಿ ಬನಿಯನ್ನು ಪಾಲಿಶ್ ಹಚ್ಚಲು ಯೋಗ್ಯ. ಕಿಲೋ ಲೆಕ್ಕದಲ್ಲಿ ಸಿಗುವ ಚಿಂದಿಯ ಕತೆ ಬೇರೆ. ಅದರಲ್ಲಿ ಪಾಲಿಯೆಸ್ಟರ್ ಬೆರೆತಿರಬಹುದು, ಗುಂಡಿ ಉಳಿದಿರಬಹುದು, ಅಂಗಿಯ ಎದೆಯ ಮೇಲಿನ ರಬ್ಬರಿನಂಥ ಪ್ರಿಂಟ್ ಇರಬಹುದು. ಮೆಕ್ಯಾನಿಕರು ಎಣ್ಣೆ ಒರೆಸುವ ನೂಲಿನ ಉಂಡೆ, ಅಂದರೆ ಕಾಟನ್ ವೇಸ್ಟ್, ಇಂಜಿನ್ನಿಗೆ ಸರಿ, ಬಣ್ಣಕ್ಕೆ ಸಲ್ಲದು.

ಸೊಲ್ಲಾಪುರದ ಟವೆಲ್. ಅಥಣಿಯ ಕಡೆಯವರಿಗೆ ಸೊಲ್ಲಾಪುರ ಪರಿಚಿತ ಪೇಟೆ. ಅಲ್ಲಿಯ ಟೆರ್ರಿ ಟವೆಲ್ಲಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಟವೆಲ್ಲಿನ ಎರಡೂ ಮೈಯಲ್ಲಿ ಎದ್ದುನಿಂತ ಕುಣಿಕೆಗಳಿರುತ್ತವೆ. ಕಣ ಆ ಕುಣಿಕೆಗಳ ನಡುವೆ ಇಳಿಯುತ್ತದೆ. ಸ್ಥಳೀಯವಾಗಿ ಸಿಗುವ ಹತ್ತಿ ಅರಿವೆಗಳಲ್ಲಿ ಆಳವೆಂಬ ಗುಣ ಇದೊಂದಕ್ಕೇ ಇದೆ. ತೊಳೆದ ಕಾರಿನ ನೀರು ತೆಗೆಯಲು ಇದು ಬಹಳ ಒಳ್ಳೆಯದು. ಹೊಸ ಟವೆಲ್ಲು ಮೊದಲ ದಿನ ನೀರು ಹೀರುವುದಿಲ್ಲ, ಜುಂಗು ಬಿಡುತ್ತದೆ. ಮೂರ್ನಾಲ್ಕು ಸಲ ಒಗೆದ ಮೇಲೆ ಹದಕ್ಕೆ ಬರುತ್ತದೆ.

ಮೈಕ್ರೋಫೈಬರ್. 9,000 ಮೀಟರ್ ಉದ್ದದ ಎಳೆಯ ತೂಕ ಒಂದು ಗ್ರಾಂ ಇದ್ದರೆ ಅದು 1 ಡೆನಿಯರ್. ಅದಕ್ಕಿಂತ ತೆಳುವಾದ ಎಳೆಯೇ ಮೈಕ್ರೋಫೈಬರ್. ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ ಪಾಲಿಅಮೈಡ್‌ಗಳನ್ನು ಒಂದೇ ಎಳೆಯಾಗಿ ತೆಗೆದು, ಆಮೇಲೆ ಅದನ್ನು ಉದ್ದಕ್ಕೆ ಸೀಳುತ್ತಾರೆ. ಸೀಳಿದ ಎಳೆಗೆ ಅಂಚುಗಳು ಹುಟ್ಟುತ್ತವೆ, ನಡುವೆ ಸಂದಿಗಳಾಗುತ್ತವೆ. ಆ ಸಂದಿಗಳೇ ನೀರನ್ನೂ ಮೇಣದ ಪುಡಿಯನ್ನೂ ಧೂಳನ್ನೂ ಎತ್ತಿಕೊಳ್ಳುವುದು. ಒರಟು ಅಂಗೈ ಮೇಲೆ ಎಳೆದರೆ ಚರ್ಮಕ್ಕೆ ಸಿಕ್ಕಿಕೊಂಡಂತಾಗುವುದು ಸೀಳಿದ ಎಳೆಯ ಗುರುತು. ಸೀಳದ ಅಗ್ಗದ ಮಾಲು ನುಣ್ಣಗೆ ಜಾರುತ್ತದೆ, ನೀರನ್ನು ಹೀರದೆ ತಳ್ಳುತ್ತದೆ.

ಪೊಟ್ಟಣದ ಮೇಲೆ ನೋಡಬೇಕಾದದ್ದು ಎರಡು ಅಂಕಿ. ಮೊದಲನೆಯದು ಪಾಲಿಯೆಸ್ಟರ್–ಪಾಲಿಅಮೈಡ್ ಪ್ರಮಾಣ: 80–20 ಸಾಮಾನ್ಯ, 70–30 ಹೆಚ್ಚು ಮೆದು ಮತ್ತು ಹೆಚ್ಚು ಹೀರುವಂಥದ್ದು. ಎರಡನೆಯದು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂಬುದು. ಗಾಜಿಗೆ ಮತ್ತು ಡ್ಯಾಶ್‌ಬೋರ್ಡಿಗೆ 200ರಿಂದ 300 ಸಾಕು. ಒಣಗಿದ ಪಾಲಿಶ್, ಮೇಣ ತೆಗೆಯಲು 350ರಿಂದ 500 ಬೇಕು. ನೀರು ಒರೆಸಲು 600ರ ಮೇಲೆ. ದಪ್ಪವಿದ್ದಷ್ಟೂ ಒಳ್ಳೆಯದು ಎಂಬ ಎಣಿಕೆ ತಪ್ಪು. ತೀರ ದಪ್ಪ ಅರಿವೆಯಿಂದ ಮೇಣ ತೆಗೆಯಹೋದರೆ ಅದು ಮೇಣದ ಮೇಲೆ ತೇಲುತ್ತದೆ, ತೆಗೆಯುವುದಿಲ್ಲ.

ಚರ್ಮ. ಅಥಣಿ, ನಿಪ್ಪಾಣಿ ಕಡೆ ಚರ್ಮದ ಕಸುಬು ಹಳೆಯದು. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳು ಅದರಲ್ಲಿ ಬಂದವು. ಕಾರು ಒರೆಸುವ 'ಶಾಮಿ' ಚರ್ಮವನ್ನು ಇಲ್ಲಿಯೇ ಮಾಡಿಸಬಹುದಲ್ಲ ಎಂಬ ವಿಚಾರ ಬರುವುದು ಸಹಜ. ಆದರೆ ಹದ ಮಾಡುವ ರೀತಿ ಬೇರೆ. ಚಪ್ಪಲಿಯ ಚರ್ಮ ಜಾಲಿ ತೊಗಟೆ, ಅಳಲೆಕಾಯಿಗಳ ಒಗರಿನಲ್ಲಿ ಹದವಾದದ್ದು. ಶಾಮಿ ಕುರಿಯ ಚರ್ಮದ ಒಳಪದರ, ಮೀನೆಣ್ಣೆಯಲ್ಲಿ ಹದವಾದದ್ದು. ಒಗರಿನ ಚರ್ಮ ಒದ್ದೆಯಾದರೆ ಕಂದು ನೀರು ಬಿಡುತ್ತದೆ. ಆ ಒಗರು ಕಬ್ಬಿಣಕ್ಕೆ ತಾಗಿದರೆ ಕಪ್ಪುಗಟ್ಟುತ್ತದೆ. ಆದ್ದರಿಂದ ಈ ದಾರಿ ಇಲ್ಲ. ನಿಜವಾದ ಶಾಮಿ ನೀರನ್ನು ಚೆನ್ನಾಗಿ ತೆಗೆಯುತ್ತದಾದರೂ ಅದರ ಮೈ ಸಮತಟ್ಟು. ಕಣಕ್ಕೆ ಜಾಗವಿಲ್ಲದಿರುವ ದೋಷ ಧೋತರದಂತೆ ಅದಕ್ಕೂ ಇದೆ.

5. ಕೊಳ್ಳುವ ಮುನ್ನ, ಬಳಸುವ ಮುನ್ನ

ಹತ್ತಿ ಎಂದು ಮಾರಿದ್ದು ಹತ್ತಿಯೇ ಎಂದು ತಿಳಿಯಲು ಒಂದೆಳೆ ಕಿತ್ತು ಸುಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಇದ್ದರೆ ಕರಗಿ ತುದಿಯಲ್ಲಿ ಗಟ್ಟಿ ಗುಂಡು ನಿಲ್ಲುತ್ತದೆ. ಹೀರುವ ಗುಣಕ್ಕೆ ಮೇಲೆ ಹೇಳಿದ ನೀರಿನ ಹನಿಯೇ ಪರೀಕ್ಷೆ. ಗೀರುವ ಗುಣಕ್ಕೆ ಕೆಲಸಕ್ಕೆ ಬಾರದ ಹಳೆಯ ಸಿ.ಡಿ. ಒಂದಿದ್ದರೆ ಸಾಕು: ಅದರ ಹೊಳೆಯುವ ಮೈಯನ್ನು ಅರಿವೆಯ ನಡುಭಾಗದಿಂದ, ಆಮೇಲೆ ಹೊಲಿದ ಅಂಚಿನಿಂದ ಬೇರೆ ಬೇರೆಯಾಗಿ ಉಜ್ಜಿ ಬೆಳಕಿಗೆ ಓರೆಯಾಗಿ ಹಿಡಿಯಬೇಕು. ನಡುಭಾಗದಲ್ಲಿ ಪಾಸಾದ ಅರಿವೆ ಅಂಚಿನಲ್ಲಿ ನಪಾಸಾಗುವುದುಂಟು. ಓವರ್‌ಲಾಕ್ ಹೊಲಿಗೆಯ ದಾರವೂ ಮೂಲೆಯ ಲೇಬಲ್ಲೂ ಅದಕ್ಕೆ ಕಾರಣ. ಲೇಬಲ್ ಕತ್ತರಿಸಿ ಹಾಕಬೇಕು. ಅಂಚು ಹೊಲಿಯದ ಅಥವಾ ಮೆತ್ತನೆಯ ಪಟ್ಟಿ ಹಚ್ಚಿದ ಅರಿವೆ ಸಿಕ್ಕರೆ ಅದನ್ನೇ ಆರಿಸಬೇಕು. ಗಾಢ ಬಣ್ಣದ ಹೊಸ ಅರಿವೆ ಬಿಳಿ ಕಾರಿಗೆ ಬಣ್ಣ ಬಿಡದಂತೆ ಮೊದಲೊಮ್ಮೆ ಒಗೆಯಬೇಕು.

ಬಳಸುವಾಗ 40 ಸೆಂ.ಮೀ. ಚೌಕದ ಅರಿವೆಯನ್ನು ಎರಡು ಸಲ ಮಡಚಿದರೆ ಎಂಟು ಮೈಗಳು ಸಿಗುತ್ತವೆ. ಒಂದೊಂದು ಭಾಗಕ್ಕೆ ಒಂದೊಂದು ಮೈ ತಿರುವುತ್ತ ಹೋದರೆ ತುಂಬಿದ ಮೈಯನ್ನು ಮತ್ತೆ ಒತ್ತುವ ಪ್ರಮೇಯವಿಲ್ಲ. ಮುದ್ದೆ ಮಾಡಿ ಹಿಡಿದರೆ ಈ ಲೆಕ್ಕ ತಪ್ಪುತ್ತದೆ. ಪಾಲಿಶ್ ಅರಿವೆಯನ್ನೂ ಮೇಣದ ಅರಿವೆಯನ್ನೂ ಬೆರೆಸಬಾರದು. ಅನೇಕ ಪಾಲಿಶ್‌ಗಳಲ್ಲಿ ಅಲ್ಯುಮಿನಿಯಂ ಆಕ್ಸೈಡಿನ ಸಣ್ಣ ಪುಡಿ ಇರುತ್ತದೆ. ಅದರ ಗಡಸುತನ 9. ಆ ಪುಡಿ ಉಳಿದ ಅರಿವೆಯಿಂದ ಮೇಣ ತೆಗೆದರೆ ಮೇಣದ ಜೊತೆ ಮೈಯೂ ಸವೆಯುತ್ತದೆ. ಚಕ್ರ ಒರೆಸಿದ ಅರಿವೆ ಯಾವ ಕಾಲಕ್ಕೂ ಬಾನೆಟ್ಟಿಗೆ ಬರಬಾರದು. ಬ್ರೇಕಿನಿಂದ ಉದುರಿದ ಲೋಹದ ಪುಡಿ ಅದರಲ್ಲಿರುತ್ತದೆ.

6. ಒಗೆತ

ಒಳ್ಳೆಯ ಅರಿವೆ ಕೆಡುವುದು ಬಹುಪಾಲು ಒಗೆಯುವ ಕಲ್ಲಿನ ಮೇಲೆ. ಇಲ್ಲಿಯ ಒಗೆಯುವ ಕಲ್ಲು ಕರಿಗಲ್ಲೇ. ಅದರ ಮೇಲೆ ಬಡಿದ ಅರಿವೆಗೆ ಮತ್ತೆ ಅದೇ ಕಲ್ಲಿನ ಮರಳು ಸೇರುತ್ತದೆ. ಕಾರಿನ ಅರಿವೆಗಳನ್ನು ಬಕೆಟ್ಟಿನಲ್ಲಿ ನೆನೆಸಿ ಹಿಂಡಿ ತೆಗೆಯಬೇಕು. ಕೊಳವೆಬಾವಿಯ ಗಡಸು ನೀರಿಗೆ ಬಾರ್ ಸೋಪು ಹಾಕಿದರೆ ಸುಣ್ಣದ ಅಂಶ ಸೋಪಿನೊಡನೆ ಕೂಡಿ ಬಿಳಿ ಜಿಡ್ಡಾಗಿ ಎಳೆಗಳಲ್ಲಿ ಕೂರುತ್ತದೆ. ಒಣಗಿದ ಟವೆಲ್ಲು ಹಪ್ಪಳದ ಹಾಗೆ ಸೆಟೆಯಲು ಇದೂ ಒಂದು ಕಾರಣ. ಡಿಟರ್ಜೆಂಟ್ ದ್ರವಕ್ಕೆ ಈ ದೋಷ ಕಡಿಮೆ. ಸುವಾಸನೆಯ ಫ್ಯಾಬ್ರಿಕ್ ಕಂಡೀಷನರ್ ಹಾಕಲೇಬಾರದು. ಅದು ಎಳೆಗಳ ಮೇಲೆ ಪದರಗಟ್ಟಿ ಹೀರುವ ಗುಣವನ್ನು ಕೊಲ್ಲುತ್ತದೆ. ಮೈಕ್ರೋಫೈಬರನ್ನು ಹತ್ತಿಯ ಜೊತೆ ಒಗೆದರೆ ಹತ್ತಿಯ ಜುಂಗೆಲ್ಲ ಅದಕ್ಕೆ ಅಂಟುತ್ತದೆ. ಬೇಲಿಯ ಮೇಲೆ, ನೆಲದ ಮೇಲೆ ಒಣಹಾಕಬಾರದು. ಒಮ್ಮೆ ನೆಲಕ್ಕೆ ಬಿದ್ದ ಅರಿವೆ ಆ ದಿನದ ಮಟ್ಟಿಗೆ ಚಕ್ರದ ಅರಿವೆ.

7. ನಿರ್ಣಯ

ಕೆಲಸಗಳನ್ನು ಬಿಡಿಬಿಡಿಯಾಗಿ ನೋಡಿದರೆ ಉತ್ತರ ಸ್ಪಷ್ಟವಿದೆ. ನೀರು ಒರೆಸಲು ಹದವಾದ ಸೊಲ್ಲಾಪುರ ಟವೆಲ್ ಅಥವಾ ದಪ್ಪ ಮೈಕ್ರೋಫೈಬರ್, ಎರಡೂ ಸರಿ. ಪಾಲಿಶ್ ಮತ್ತು ಮೇಣ ಹಚ್ಚಲು ಅಂಚು ತೆಗೆದ ಹಳೆಯ ಧೋತರ ಅಥವಾ ಬಿಳಿ ಬನಿಯನ್ನು ಸಾಕು. ಇದಕ್ಕೆ ಹಣ ಹಾಕುವ ಅಗತ್ಯವಿಲ್ಲ. ಒಣಗಿದ ಮೇಣ ತೆಗೆದು ಹೊಳಪು ಕೊಡುವ ಕೊನೆಯ ಕೆಲಸಕ್ಕೆ ಮಾತ್ರ ಸೀಳಿದ ಎಳೆಯ, 350ರಿಂದ 500 ಜಿಎಸ್‌ಎಂನ ಮೈಕ್ರೋಫೈಬರಿಗೆ ಸಮನಾದದ್ದು ಸ್ಥಳೀಯ ಹತ್ತಿಯಲ್ಲಿ ಇಲ್ಲ. ಹಣ ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಬೇಕು.

ಉಳಿದದ್ದು ಒಣ ಧೂಳು ಒರೆಸುವ ಕೆಲಸ. ಮುಂಜಾನೆ ಎದ್ದು ಹಳದಿ ಡಸ್ಟರಿನಿಂದ ಗಾಡಿ ಒರೆಸುವುದು ಇಲ್ಲಿಯ ಡ್ರೈವರುಗಳ ನಿಷ್ಠೆಯ ಗುರುತು. ಖಂಡೇನವಮಿಯ ದಿನವಂತೂ ಊರಿನ ಎಲ್ಲ ಗಾಡಿಗಳಿಗೂ ಆ ಉಪಚಾರ ಉಂಟು. ಕರಿಗಲ್ಲಿನ ಪುಡಿಯೂ ಕಬ್ಬಿನ ಬೂದಿಯೂ ಕೂತ ಮೈಗೆ ಈ ಕೆಲಸ ಮಾಡಬಲ್ಲ ಅರಿವೆ ಹತ್ತಿಯಲ್ಲೂ ಇಲ್ಲ, ಮೈಕ್ರೋಫೈಬರಿನಲ್ಲೂ ಇಲ್ಲ. ಆಳವಿರುವ ಅರಿವೆ ಹಾನಿಯನ್ನು ಸ್ವಲ್ಪ ತಡಮಾಡೀತು, ತಪ್ಪಿಸಲಾರದು. ನೀರಿಲ್ಲದ ದಿನ ಗಾಡಿಯನ್ನು ಧೂಳಿನೊಂದಿಗೆ ಹಾಗೇ ಬಿಡುವುದು ಯಾವ ಅರಿವೆಯಿಂದ ಒರೆಸುವುದಕ್ಕಿಂತಲೂ ಒಳ್ಳೆಯದು. ಗಾಜು, ಕನ್ನಡಿ, ನಂಬರ್ ಪ್ಲೇಟುಗಳನ್ನು ಒದ್ದೆ ಅರಿವೆಯಿಂದ ಒರೆಸಿಕೊಂಡರೆ ಅಂದಿನ ಪ್ರಯಾಣಕ್ಕೆ ಅಷ್ಟು ಸಾಕು.